ಟರ್ಕಿಶ್ ಭಾಷಿಕರಿಗೆ ಸೈಕೋಥೆರಪಿ ನಿರೀಕ್ಷೆಯ ಪ್ರಶ್ನಾವಳಿ: ಎಲ್ಲದಕ್ಕೂ ಹತ್ತಕ್ಕೆ ಹತ್ತು ಬಂದರೆ ಏನು ಮಾಡೋದು?

ಮೇಘನಾ ಕೆ. (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಜರ್ಮನಿಯಲ್ಲಿ ಕ್ಲಿನಿಕಲ್ ಸೈಕಾಲಜಿ ಓದ್ತಿದೀನಿ. ಈ ಸೆಮಿಸ್ಟರಿನ ಸೆಮಿನಾರಲ್ಲಿ ನಮ್ಮ ಗುಂಪಿಗೆ ಬಂದಿರೋ ಕೆಲಸ: ಥೆರಪಿ ಬಗ್ಗೆ ಜನ ಏನು ನಿರೀಕ್ಷೆ ಇಟ್ಕೊಂಡು ಬರ್ತಾರೆ ಅಂತ ಅಳೆಯೋ ಒಂದು ಪ್ರಶ್ನಾವಳಿಯನ್ನ ಟರ್ಕಿಶ್ ಮಾತಾಡೋರಿಗೆ ಹೊಂದಿಸೋದು ಹೇಗೆ ಅಂತ ಯೋಜನೆ ಬರೆಯೋದು. ಗುಂಪಲ್ಲಿ ಇಬ್ಬರು ಟರ್ಕಿಶ್ ಮನೆಮಾತಿನವರಿದ್ದಾರೆ, ಭಾಷೆಯ ಭಾರ ಅವರದು. ವಿಧಾನದ ಅಧ್ಯಾಯ ನನ್ನ ತಲೆಗೆ ಬಂದಿದೆ.

ಹಿನ್ನೆಲೆ ಗೊತ್ತಿಲ್ಲದವರಿಗೆ ಚಿಕ್ಕದಾಗಿ: "ಇದರಿಂದ ನನಗೆ ಗುಣ ಆಗುತ್ತೆ" ಅಂತ ಅಂದುಕೊಂಡು ಬಂದವರಿಗೆ ಸ್ವಲ್ಪ ಹೆಚ್ಚೇ ಗುಣ ಆಗುತ್ತೆ ಅನ್ನೋದು ಹಳೇ ಮಾತು. ಅಮೆರಿಕದ ಮನೋವೈದ್ಯ ಜೆರೋಮ್ ಫ್ರಾಂಕ್ 1961ರಲ್ಲೇ ಇದನ್ನ ಬರೆದಿದ್ದರು. 2018ರಲ್ಲಿ ಕಾನ್‌ಸ್ಟಾಂಟಿನೋ ಮತ್ತು ಸಂಗಡಿಗರು 81 ಸ್ಯಾಂಪಲ್‌ಗಳ 12,722 ರೋಗಿಗಳ ಮಾಹಿತಿ ಒಟ್ಟುಮಾಡಿ ನೋಡಿದಾಗ ಮೊದಲಿನ ನಿರೀಕ್ಷೆಗೂ ಕೊನೆಯ ಫಲಿತಾಂಶಕ್ಕೂ 0.18ರ ಸಹಸಂಬಂಧ ಸಿಕ್ಕಿತು (0 ಅಂದರೆ ನಂಟೇ ಇಲ್ಲ, 1 ಅಂದರೆ ಪೂರ್ತಿ ನಂಟು). ಸಣ್ಣದೇ, ಆದರೆ ಇಲ್ಲ ಅನ್ನೋ ಹಾಗಿಲ್ಲ. ನಾವು ಆರಿಸಿಕೊಂಡಿರೋದು 2011ರಲ್ಲಿ ಬಂದ ಮಿಲ್ವಾಕಿ ಪ್ರಶ್ನಾವಳಿ. ಬರೀ 13 ವಾಕ್ಯ, ಪ್ರತಿಯೊಂದಕ್ಕೂ 0ಯಿಂದ 10ರೊಳಗೆ ಅಂಕ. ಒಂಬತ್ತು ವಾಕ್ಯ ಥೆರಪಿ ನಡೆಯೋ ಬಗೆಗೆ (ಥೆರಪಿಸ್ಟ್ ನನ್ನ ಮಾತು ಕೇಳ್ತಾರಾ, ನಾನು ಮನಸ್ಸು ಬಿಚ್ಚಿ ಹೇಳ್ತೀನಾ), ನಾಲ್ಕು ವಾಕ್ಯ ಫಲಿತಾಂಶದ ಬಗ್ಗೆ.

ಮಾಮೂಲಿ ದಾರಿ ಗೊತ್ತಿದೆ. ಇಬ್ಬರು ಬೇರೆಬೇರೆಯಾಗಿ ಅನುವಾದ ಮಾಡೋದು, ಎರಡನ್ನೂ ಸೇರಿಸಿ ಒಂದು ಮಾಡೋದು, ಮೂಲ ನೋಡದವರ ಕೈಲಿ ವಾಪಸ್ ಇಂಗ್ಲಿಷಿಗೆ ಮಾಡಿಸೋದು, ತಜ್ಞರ ಸಮಿತಿ ಕೂರಿಸೋದು, ಕೊನೆಗೆ ಮೂವತ್ತು ನಲವತ್ತು ಜನರ ಮೇಲೆ ಪ್ರಯೋಗ. ಬೀಟನ್ ಮತ್ತಿತರರು 2000ದಲ್ಲಿ ಹಾಕಿಕೊಟ್ಟ ಹಾದಿ. ಪೇಪರುಗಳಲ್ಲಿ ಇದೆಲ್ಲ ಒಂದು ಪ್ಯಾರಾದಲ್ಲಿ ಮುಗಿದು ಸೀದಾ ಟೇಬಲ್ ಬಂದುಬಿಡುತ್ತೆ.

ಈಗ ನನ್ನ ತೊಂದರೆ. ಸಹಪಾಠಿಯೊಬ್ಬಳು ಕರಡು ಪ್ರತಿಯನ್ನ ಸುಮ್ಮನೆ ತನ್ನ ಅತ್ತೆಯ ಕೈಗೆ ಕೊಟ್ಟಳು. ಅವರು ಫಲಿತಾಂಶದ ನಾಲ್ಕೂ ವಾಕ್ಯ ಓದಿ, ಒಂದೊಂದಕ್ಕೂ "ಇನ್ಶಾಲ್ಲಾ" (ದೇವರು ಮನಸ್ಸು ಮಾಡಿದರೆ) ಅಂತ ಹೇಳಿ ಹತ್ತು ಹತ್ತು ಹಾಕಿದರು. ಪೆನ್ ಕೆಳಗಿಟ್ಟು "ಇದೆಲ್ಲ ನನ್ನ ಕೈಲಿದೆಯೇನಮ್ಮ?" ಅಂತ ಬೇರೆ ಕೇಳಿದರಂತೆ. ಹಾಗಾದರೆ ಆ ಹತ್ತು ಯಾವುದರ ಅಳತೆ? ಅನುವಾದದಲ್ಲಿ ಏನೂ ತಪ್ಪಿಲ್ಲ, ವಾಪಸ್ ಅನುವಾದ ಮೂಲಕ್ಕೆ ಸರಿಯಾಗಿ ಕೂತಿದೆ.

ಸವಿತಾ, ಅಂಕಾರಾ

ಮೇಘನಾ, ನಿಮ್ಮ ಗೆಳತಿಯ ಅತ್ತೆಯಂಥವರು ನಮ್ಮ ಅಪಾರ್ಟ್‌ಮೆಂಟಲ್ಲೇ ನಾಲ್ಕೈದು ಜನ ಸಿಗ್ತಾರೆ. ಇಲ್ಲಿ ಬಹಳ ವರ್ಷಗಳಿಂದ ಇದೀನಿ, ಟರ್ಕಿಶ್ ಈಗ ಕನಸಲ್ಲೂ ಬರುತ್ತೆ.

ಇನ್ಶಾಲ್ಲಾ ಅಂದರೆ ಒಂದೇ ಭಾವ ಅಲ್ಲ. ಮನಸಾರೆ ಹಾರೈಕೆ ಆಗಬಹುದು, "ನೋಡೋಣ" ಆಗಬಹುದು. ಪ್ಲಂಬರ್ ನಾಳೆ ಬರ್ತೀನಿ ಇನ್ಶಾಲ್ಲಾ ಅಂದ ಅಂದರೆ ನಾನು ಬಕೆಟ್ ರೆಡಿ ಇಟ್ಕೋತೀನಿ. ಆದರೆ "ನಾನು ವಾಸಿಯಾಗ್ತೀನಿ" ಅಂತ ಖಡಾಖಂಡಿತ ಹೇಳೋದು ಮಾತ್ರ ಸ್ವಲ್ಪ ವಯಸ್ಸಾದವರಿಗೆ ಆಗಿಬರಲ್ಲ. ದೇವರ ಮುಂದೆ ದುರಹಂಕಾರ ಆಗುತ್ತೆ, ಮೇಲಿಂದ ನಝರ್ ತಾಕುತ್ತೆ. ನಮ್ಮಲ್ಲೂ "ಮಗು ದುಂಡುದುಂಡಗಿದೆ" ಅಂದ ಕೂಡಲೇ ಅಜ್ಜಿ ದೃಷ್ಟಿ ತೆಗೆಯಲ್ವಾ? ಹಾಗಾಗಿ ಬಾಯಲ್ಲಿ ಭರವಸೆ ಕಡಿಮೆ, ಪೇಪರ್ ಮೇಲೆ ಹತ್ತು. ಎರಡೂ ಮರ್ಯಾದೆಗೇ.

ಇನ್ನೊಂದು ವಿಷಯ. ಪ್ರಶ್ನಾವಳಿಯಲ್ಲಿ "ನನ್ನ ಥೆರಪಿಸ್ಟ್" ಅಂತ ಬರುತ್ತಲ್ಲ, ಇಲ್ಲಿಯವರ ಕಣ್ಮುಂದೆ ಯಾರು ಬರ್ತಾರೆ ಅನ್ನೋದು ಮೊದಲು ಕೇಳಬೇಕು. ಸರ್ಕಾರಿ ಆಸ್ಪತ್ರೆಗೆ ಹೋಗೋರು ಎಂಎಚ್ಆರ್‌ಎಸ್ ಅನ್ನೋ ಕೇಂದ್ರೀಯ ವ್ಯವಸ್ಥೆಯಲ್ಲಿ ಸಮಯ ಹಿಡಿದು ಸೈಕಿಯಾಟ್ರಿ ಪಾಲಿಕ್ಲಿನಿಕ್ಕಿಗೆ ಹೋಗ್ತಾರೆ. ಅಲ್ಲಿ ಮಾತು ಚುಟುಕು, ಕೈಗೆ ಔಷಧಿ ಚೀಟಿ. ದುಡ್ಡಿದ್ದವರು ಖಾಸಗಿ ಸೈಕಾಲಜಿಸ್ಟ್ ಹತ್ತಿರ ಹೋಗ್ತಾರೆ. ಮನೆಯಲ್ಲಿ ಹಿರಿಯರು ಬಲವಾಗಿದ್ದರೆ ಇವೆರಡಕ್ಕೂ ಮೊದಲು ಯಾರಾದರೂ ಹೋಜಾ (ಧರ್ಮಗುರು) ಹತ್ತಿರ ತಾಯಿತ. ಸೈಕಾಲಜಿಸ್ಟರಿಗೆ ಅಂತ ಇಲ್ಲಿ ಪ್ರತ್ಯೇಕ ವೃತ್ತಿ ಕಾನೂನೇ ಇಲ್ಲ. 1928ರ 1219ನೇ ನಂಬರಿನ ವೈದ್ಯಕೀಯ ಕಾನೂನಿಗೆ 2011ರಲ್ಲಿ ತಿದ್ದುಪಡಿ ತಂದಾಗ ಕ್ಲಿನಿಕಲ್ ಸೈಕಾಲಜಿಸ್ಟ್ ಅನ್ನೋ ಹುದ್ದೆ ಅದರೊಳಗೆ ಬಂತು, ಅಷ್ಟೆ. ಅದಕ್ಕೇ "ಕೋಚ್", "ಸಲಹೆಗಾರ" ಅನ್ನೋ ಬೋರ್ಡುಗಳು ಬೀದಿಬೀದಿಗೆ. ಒಬ್ಬರ ತಲೆಯಲ್ಲಿ ಬಿಳಿ ಕೋಟಿನ ಡಾಕ್ಟರ್, ಇನ್ನೊಬ್ಬರ ತಲೆಯಲ್ಲಿ ಇನ್‌ಸ್ಟಾಗ್ರಾಂ ಕೋಚ್. ಇಬ್ಬರೂ ಒಂದೇ ವಾಕ್ಯಕ್ಕೆ ಎಂಟು ಹಾಕಿದರೆ ಆ ಎಂಟುಗಳನ್ನ ಕೂಡಿಸಬಹುದಾ?

ಅಂಕಿಗುಬ್ಬಿ

ಕೂಡಿಸಬಹುದು, ಲೆಕ್ಕ ಹಾಕೋ ಸಾಫ್ಟ್‌ವೇರ್ ಎಸ್‌ಪಿಎಸ್‌ಎಸ್ ಬೇಡ ಅನ್ನಲ್ಲ. ಸಮಸ್ಯೆ ಇರೋದೇ ಅಲ್ಲಿ.

ಮೇಘನಾ ಅವರೇ, ನೀವು ಹೇಳಿದ ಅತ್ತೆಯವರಂಥ ಇನ್ನೂರು ಜನ ಸಿಕ್ಕರೆ ನಿಮ್ಮ ಕ್ರಾನ್‌ಬ್ಯಾಕ್ ಆಲ್ಫಾ (ವಾಕ್ಯಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಅನ್ನೋ ಅಂಕಿ) ಬಹಳ ಚೆನ್ನಾಗಿ ಬರುತ್ತೆ. ಒಬ್ಬರು ಎಲ್ಲದಕ್ಕೂ ಹತ್ತು, ಇನ್ನೊಬ್ಬರು ಎಲ್ಲದಕ್ಕೂ ಎಂಟು, ಹೀಗೆ ಒಂದೇ ಥರ ಅಂಕ ಹಾಕೋರಿದ್ದರೆ ವಾಕ್ಯಗಳು ಒಂದಕ್ಕೊಂದು ಹೊಂದಿಕೊಂಡೇ ಇರ್ತವೆ. 0.9 ದಾಟಿದ ಆಲ್ಫಾ ನೋಡಿ ಪರೀಕ್ಷಕರು ತಲೆಯಾಡಿಸ್ತಾರೆ. ಆ ನಂಬರು ಹೇಳೋದು ಜನ ಒಂದೇ ರೀತಿ ಉತ್ತರ ಕೊಟ್ಟರು ಅಂತ ಮಾತ್ರ, ಯಾವುದಕ್ಕೆ ಉತ್ತರ ಕೊಟ್ಟರು ಅಂತ ಅಲ್ಲ.

ನಾನಾದರೆ ನೋಡೋದು: ಒಂದು, ಪ್ರತಿ ವಾಕ್ಯಕ್ಕೂ ಅಂಕಗಳು ಹೇಗೆ ಹರಡಿವೆ. ಬಹುಪಾಲು 9-10ರಲ್ಲೇ ರಾಶಿಬಿದ್ದಿದ್ದರೆ ಆ ವಾಕ್ಯ ಜನರ ನಡುವೆ ವ್ಯತ್ಯಾಸವನ್ನೇ ತೋರಿಸ್ತಿಲ್ಲ. ಎರಡು, ಪ್ರಕ್ರಿಯೆ ಮತ್ತು ಫಲಿತಾಂಶ ಅನ್ನೋ ಎರಡು ಅಂಶ ಬೇರೆಬೇರೆಯಾಗಿ ನಿಲ್ತವಾ ಅಥವಾ ಒಂದೇ ಮುದ್ದೆ ಆಗ್ತವಾ. ಮುದ್ದೆ ಆದರೆ ನೀವು ಅಳೆದಿರೋದು ಡಾಕ್ಟರ ಮೇಲಿನ ಗೌರವ ಅಂತ ನನ್ನ ಅನುಮಾನ. ಅಂದಹಾಗೆ ಒಂದೇ ಡೇಟಾ ಮೇಲೆ ಎಕ್ಸ್‌ಪ್ಲೊರೇಟರಿ (ರಚನೆ ಹುಡುಕೋ) ವಿಶ್ಲೇಷಣೆ ಮಾಡಿ, ಸಿಕ್ಕ ರಚನೆಯನ್ನ ಅದೇ ಡೇಟಾ ಮೇಲೆ ಕನ್ಫರ್ಮೇಟರಿ (ರಚನೆ ಪರೀಕ್ಷಿಸೋ) ವಿಶ್ಲೇಷಣೆ ಮಾಡಿ "ದೃಢಪಟ್ಟಿದೆ" ಅಂತ ಬರೆಯೋ ಚಾಳಿ ಇದೆ. ದಯವಿಟ್ಟು ಬೇಡ. ಮೂಲದಲ್ಲಿ ರಚನೆ ಇದೆಯಲ್ಲ, ಸೀದಾ ಅದನ್ನೇ ಪರೀಕ್ಷೆ ಮಾಡಿ.

ಡಾ. ಹುಬ್ಬಳ್ಳಿ

ತಂಗಿ, ನೀ ಬರದಿದ್ದು ಓದಿ ನಗು ಬಂತು. ಇದು ನಮ್ಮ ಒಪಿಡಿಯೊಳಗ ದಿನಾ ನಡಿಯೂದ. ಪೇಶಂಟಿಗೆ ಎಷ್ಟು ಆರಾಮ ಆಗೇತಿ ಅಂತ ಕೇಳಿದ್ರ "ಎಂಟಾಣೆ ಆಗೇತ್ರೀ ಸಾಹೇಬ್ರ" ಅಂತಾರ, ನನಗ ಚೊಲೋ ತಿಳೀತದ. ಅದನ್ನ ಹತ್ತಕ್ಕ ಎಷ್ಟು ಅಂತ ಕೇಳ್ರಿ, ನನ್ನ ಮಾರಿ ನೋಡ್ಕೋತ ಕುಂದರ್ತಾರ. ಆಮ್ಯಾಲ "ಹತ್ತ ಬರೀರಿ, ನಿಮ್ಮ ಕೈಗುಣ ಛಲೋ ಐತಿ" ಅಂತಾರ. ನನ್ನ ಕೈಗುಣಕ್ಕ ಹತ್ತು ಬಿತ್ತು, ಅವರ ನಿರೀಕ್ಷೆ ಎಷ್ಟಂತ ಗೊತ್ತಾಗಲಿಲ್ಲ.

ಫಾರ್ಮ್ ಯಾರ ಕೈಯಾಗ ಕೊಡ್ತಾರ, ಯಾರು ವಾಪಸ್ ತಗೋತಾರ ಅನ್ನೂದು ಭಾಳ ದೊಡ್ಡದು. ಥೆರಪಿಸ್ಟ್ ಎದುರಿಗೆ ಕುಂತು "ನಾ ನಿಮಗ ಸಹಾಯ ಮಾಡ್ತೀನಿ ಅನಸ್ತೈತೇನು?" ಅಂತ ಕಾಗದದ ಮ್ಯಾಲ ಕೇಳಿದ್ರ ಯಾವ ಪೇಶಂಟ್ ನಾಕು ಹಾಕ್ತಾನ? ಮುಚ್ಚಿದ ಲಕೋಟೆ, ರಿಸೆಪ್ಷನ್‌ದಾಗ ಡಬ್ಬಿ, "ಇದನ್ನ ನಿಮ್ಮ ಥೆರಪಿಸ್ಟ್ ನೋಡಂಗಿಲ್ಲ" ಅಂತ ದೊಡ್ಡ ಅಕ್ಷರದಾಗ ಬರದಿರಬೇಕು.

ಮತ್ತ ಒಂದು. ಟರ್ಕಿ ಮಂದಿ ಬ್ಯಾನಿ ಹೇಳೂ ಪದ್ಧತಿನೂ ನಮ್ಮಂಗ ಅಂತ ಓದೇನಿ. "ಗೋಬೆಕ್ ದ್ಯುಶ್ಮೆಸಿ" ಅಂತಾರಂತ, ಹೊಕ್ಕಳ ಜಾರೂದು. ನಮ್ಮ ಕಡೆ ಬಟ್ಟಿ ಬಿದ್ದೈತಿ ಅಂತಾರಲ್ಲ, ಅದ. ಜರ್ಮನ್ ಆಸ್ಪತ್ರಿಗಳೊಳಗ ಇಂಥಾ ಮೈಕೈ ನೋವು ಹೇಳೂ ವಲಸಿಗರಿಗೆ "ಮೊರ್ಬುಸ್ ಬೊಸ್ಪೊರುಸ್" ಅಂತ ಚ್ಯಾಷ್ಟಿ ಹೆಸರು ಇಟ್ಟಿದ್ರು. ಬಾಸ್ಫರಸ್ (ಇಸ್ತಾಂಬುಲ್‌ದಾಗಿನ ಜಲಸಂಧಿ) ರೋಗ ಅಂತ! ಅಂಥಾ ಮಾತು ಕೇಳ್ಕೊಂಡು ಬೆಳದ ಮನೆತನದವರು ಥೆರಪಿಸ್ಟ್ ಮ್ಯಾಲ ಏನು ನಿರೀಕ್ಷೆ ಇಟ್ಕೊಂಡು ಬರ್ತಾರ, ಅದನ್ನ ನಿಮ್ಮ 13 ವಾಕ್ಯ ಹಿಡೀತಾವೇನು?

ಗಾಂಧಿಬಜಾರ್ ಗುಂಡ

ಎಲ್ಲ ಸರಿ ಸ್ವಾಮಿ, ಕನ್ನಡದಲ್ಲಿ ಮಾಡೋ ಕೆಲಸ ಬೆಟ್ಟದಷ್ಟು ಬಿದ್ದಿರುವಾಗ ನಾವ್ಯಾಕೆ ಟರ್ಕಿಯವರ ಪ್ರಶ್ನಾವಳಿಗೆ ತಲೆ ಕೆಡಿಸ್ಕೋಬೇಕು?

ಮೇಘನಾ ಕೆ.

ಗುಂಡ ಅವರೇ, ನನ್ನ ಸೆಮಿನಾರ್ ಟರ್ಕಿಶ್ ಬಗ್ಗೆ ಇದೆ, ಕನ್ನಡದಲ್ಲಿ ಕೇಳಿದರೆ ತಲೆ ಚೆನ್ನಾಗಿ ಓಡುತ್ತೆ ಅಂತ ಇಲ್ಲಿ ಕೇಳಿದೆ. ಅಷ್ಟೇ ಕಾರಣ :)

ಡಾಕ್ಟ್ರೇ, ಲಕೋಟೆಯ ಮಾತು ಬರ್ಕೊಂಡೆ. ಜರ್ಮನಿಯಲ್ಲಿ ಇದಕ್ಕೆ ಇನ್ನೊಂದು ಗಂಟು ಸೇರುತ್ತೆ. ನಿರೀಕ್ಷೆಯನ್ನ ಥೆರಪಿಗೆ ಮುಂಚೆ ಅಳೀಬೇಕು. ಆದರೆ ಇಲ್ಲಿ 2017ರಿಂದ ಥೆರಪಿಸ್ಟ್ ಜೊತೆ ಒಂದು ಪ್ರಾಥಮಿಕ ಭೇಟಿಯ ವ್ಯವಸ್ಥೆ ಇದೆ. ಅದಾದಮೇಲೆ ಪರಿಚಯದ ಸೆಷನ್‌ಗಳು, ಆಮೇಲೆ ವಿಮೆಯ ಒಪ್ಪಿಗೆ, ನಂತರ ಥೆರಪಿ. ನಡುವೆ ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಹಾಗಾದರೆ "ಮುಂಚೆ" ಅಂದರೆ ಯಾವಾಗ? ಪ್ರಾಥಮಿಕ ಭೇಟಿಗೂ ಮೊದಲು ಕೊಟ್ಟರೆ ಥೆರಪಿಸ್ಟ್ ಅನ್ನೋರು ಬರೀ ಕಲ್ಪನೆ. ಆಮೇಲೆ ಕೊಟ್ಟರೆ ಕಣ್ಣಾರೆ ಕಂಡ ವ್ಯಕ್ತಿಯ ಬಗ್ಗೆ ಅಭಿಪ್ರಾಯ. ಅದರಲ್ಲೂ ಟರ್ಕಿಶ್ ಬರೋ ಥೆರಪಿಸ್ಟೇ ಬೇಕು ಅಂತ ಕಾಯ್ತಿರೋರ ಕಥೆ ಇನ್ನೂ ಬೇರೆ, ಯಾಕಂದರೆ ದುಭಾಷಿ ಖರ್ಚನ್ನ ಸಾರ್ವಜನಿಕ ವಿಮೆ ಸಾಮಾನ್ಯವಾಗಿ ಕೊಡಲ್ಲ.

ಇನ್ನು "ಟರ್ಕಿಶ್ ಭಾಷಿಕರು" ಅಂತ ಒಂದೇ ಗುಂಪೂ ಇಲ್ಲಿ ಇಲ್ಲ. 1961ರ ಅಕ್ಟೋಬರ್ 30ರ ಒಪ್ಪಂದದ ನಂತರ ಕಾರ್ಖಾನೆ ಕೆಲಸಕ್ಕೆ ಬಂದ ಅನಾತೋಲಿಯದ (ಟರ್ಕಿಯ ಏಷ್ಯಾ ಭಾಗದ) ಹಳ್ಳಿಯವರು, 1973ರಲ್ಲಿ ನೇಮಕ ನಿಂತಮೇಲೆ ಅವರ ಹಿಂದೆ ಬಂದ ಹೆಂಡತಿ ಮಕ್ಕಳು, ಈಗ ಜರ್ಮನ್ನಲ್ಲೇ ಜಗಳ ಆಡೋ ಮೊಮ್ಮಕ್ಕಳು. ಕೆಲವರ ಮನೆಮಾತು ಕುರ್ದಿಶ್, ಟರ್ಕಿಶ್ ಶಾಲೆಯಲ್ಲಿ ಕಲಿತದ್ದು. ಅಂಕಾರಾದ ಕಾಲೇಜು ಹುಡುಗರ ಮೇಲೆ ಪರೀಕ್ಷೆ ಮಾಡಿದ ಪ್ರಶ್ನಾವಳಿಯನ್ನ ಕೊಲೋನಿನ ಎಪ್ಪತ್ತು ವರ್ಷದ ಅಜ್ಜನಿಗೆ ಕೊಡೋದಾ?

ಅಂಕಿಗುಬ್ಬಿ

ಕಾಲೇಜು ಹುಡುಗರ ಕಥೆ ಹಳೇದು. ಬೆಕ್ ಡಿಪ್ರೆಶನ್ ಪ್ರಶ್ನಾವಳಿಯ ಟರ್ಕಿಶ್ ರೂಪದಲ್ಲಿ ಎಲ್ಲರೂ ಬಳಸೋ 17ರ ಗಡಿ (ಅಷ್ಟು ಅಂಕ ಬಂದರೆ ಖಿನ್ನತೆ ಇರಬಹುದು ಅನ್ನೋದು) ಇದೆಯಲ್ಲ, ಟರ್ಕಿಯ ಸಂಶೋಧಕಿ ಹಿಸ್ಲಿ 1989ರಲ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಮೇಲೆ ಮಾಡಿದ ಕೆಲಸದಿಂದ ಬಂದದ್ದು. ಕೆಲಸ ಒಳ್ಳೇದೇ. ಆಮೇಲಿನವರು ಅದನ್ನ ಸಿಕ್ಕಸಿಕ್ಕವರಿಗೆಲ್ಲ ಹಚ್ಚೋದು ಬೇರೆ ಮಾತು. ನಿರೀಕ್ಷೆಯ ವಿಷಯದಲ್ಲಂತೂ ಥೆರಪಿಗೆ ಹೋಗೋ ಯೋಚನೆಯೇ ಇಲ್ಲದ ವಿದ್ಯಾರ್ಥಿಯನ್ನ "ನಿಮ್ಮ ಥೆರಪಿಸ್ಟ್ ಹೇಗಿರ್ತಾರೆ" ಅಂತ ಕೇಳಿದರೆ ಸಿಗೋದು ಕಥೆ.

ಜರ್ಮನಿಯ ಟರ್ಕಿಶರು ಮತ್ತು ಟರ್ಕಿಯ ಟರ್ಕಿಶರ ಸರಾಸರಿ ಹೋಲಿಸೋ ಆಸೆ ಇದ್ದರೆ ಮೊದಲು ಅಳತೆಯ ಸಮಾನತೆ ತೋರಿಸಿ. ರಚನೆ ಒಂದೇನಾ, ಲೋಡಿಂಗ್ (ವಾಕ್ಯಕ್ಕೂ ಅಂಶಕ್ಕೂ ಇರೋ ನಂಟಿನ ಬಲ) ಒಂದೇನಾ, ಇಂಟರ್ಸೆಪ್ಟ್ (ಅಂಕ ಶುರುವಾಗೋ ಮಟ್ಟ) ಒಂದೇನಾ, ಹಂತಹಂತವಾಗಿ. ಸಿಎಫ್ಐ (ಮಾದರಿ ಡೇಟಾಗೆ ಎಷ್ಟು ಹೊಂದುತ್ತೆ ಅನ್ನೋ ಸೂಚ್ಯಂಕ) 0.01ಕ್ಕಿಂತ ಹೆಚ್ಚು ಕುಸಿದರೆ ನಿಲ್ಲಿ ಅನ್ನೋದು ಚೆಯುಂಗ್ ಮತ್ತು ರೆನ್ಸ್‌ವೊಲ್ಡ್ 2002ರಲ್ಲಿ ಕೊಟ್ಟ ಅಂದಾಜು. ಮೂರನೇ ಹಂತ ದಾಟದೆ "ಇವರ ನಿರೀಕ್ಷೆ ಅವರಿಗಿಂತ ಹೆಚ್ಚು" ಅಂತ ಬರೆಯಬೇಡಿ.

ಮರೆತಿದ್ದೆ. ಜರ್ಮನ್ ಶಾಲೆಯಲ್ಲಿ 1 ಅಂದರೆ ಅತ್ಯುತ್ತಮ, 6 ಅಂದರೆ ನಪಾಸು. ಅಲ್ಲಿ ಓದಿದವರಿಗೆ 1ರಿಂದ 9ರ ಅಳತೆ ಕೊಟ್ಟರೆ (ಡೆವಿಲಿ-ಬೊರ್ಕೊವೆಕ್ ಅನ್ನೋ ಇನ್ನೊಂದು ನಿರೀಕ್ಷೆಯ ಪ್ರಶ್ನಾವಳಿಯಲ್ಲಿ ಕೆಲವು ಪ್ರಶ್ನೆಗೆ ಹಾಗಿದೆ) ಅವಸರದಲ್ಲಿ ತಿರುವುಮುರುವು ಮಾಡೋ ಅಪಾಯ ಇದೆ. ಎರಡೂ ತುದಿಗೆ ಅಂಕಿ ಸಾಲದು, ಮಾತಲ್ಲೂ ಬರೀರಿ.

ಪ್ರತ್ಯಯ

ಭಾಷೆಯ ಕಡೆಯಿಂದ ಒಂದು ಮಾತು. ಟರ್ಕಿಶ್ ನಮ್ಮಂತೆಯೇ ಕ್ರಿಯಾಪದ ಕೊನೆಗೆ ಇಡುವ, ಪ್ರತ್ಯಯಗಳನ್ನು ಒಂದರ ಹಿಂದೊಂದು ಅಂಟಿಸುವ ಭಾಷೆ. (ಹಾಗಂತ ದ್ರಾವಿಡಕ್ಕೂ ಟರ್ಕಿಶ್‌ಗೂ ನಂಟು ಅಂತ ಯಾರೂ ಹೊಸ ಚರ್ಚೆ ತೆರೆಯಬೇಡಿ, ಕೈಮುಗಿಯುತ್ತೇನೆ.) ಅಲ್ಲಿ ನಕಾರ ಕ್ರಿಯಾಪದದ ಹೊಟ್ಟೆಯೊಳಗೆ ಕೂರುತ್ತದೆ. "ಗೆಲೆಜೆಯಿಮ್" ಅಂದರೆ ಬರುತ್ತೇನೆ, "ಗೆಲ್ಮೆಯೆಜೆಯಿಮ್" ಅಂದರೆ ಬರುವುದಿಲ್ಲ. ಬೇಗ ಬೇಗ ಓದುವವರು ಆ ಪುಟ್ಟ "ಮೆ" ಜಾರಿಸಿಬಿಡುತ್ತಾರೆ. ಹೊಸದಾಗಿ ವಾಕ್ಯ ಸೇರಿಸುವುದಾದರೆ ನಕಾರದ ವಾಕ್ಯ ಹಾಕದಿರುವುದೇ ಕ್ಷೇಮ.

ಸವಿತಾ, ಅಂಕಾರಾ

ಸೇರಿಸೋ ಮಾತು ಬಂತಲ್ಲ, ನಾನು ಕಾಯ್ತಿದ್ದದ್ದೇ ಅದಕ್ಕೆ. ಮೂಲ ಪ್ರಶ್ನಾವಳಿಯನ್ನ ಹುಡುಕಿ ಓದಿದೆ. ಎಲ್ಲ "ನಾನು", "ನನ್ನ ಥೆರಪಿಸ್ಟ್". ಮನೆಯವರು ಎಲ್ಲೂ ಇಲ್ಲ. ಇಲ್ಲಿ ನನಗೆ ಗೊತ್ತಿರೋ ಒಂದು ಮನೆಯಲ್ಲಿ ಸೊಸೆಯನ್ನ ಥೆರಪಿಗೆ ಕಳಿಸಿದ್ದೇ ಅತ್ತೆ. ಕಳಿಸುವಾಗ "ಹೋಗಿ ಬಾ, ಅವರು ನಿನಗೆ ಬುದ್ಧಿ ಹೇಳ್ತಾರೆ" ಅಂದರಂತೆ. ಸೊಸೆಯ ನಿರೀಕ್ಷೆ ಇನ್ನೊಂದು: ಒಳಗೆ ಹೇಳಿದ್ದು ಅತ್ತೆಗೆ ತಲುಪದೇ ಇದ್ದರೆ ಸಾಕು. ಈ ಎರಡರಲ್ಲಿ ಒಂದನ್ನಾದರೂ ಆ 13 ವಾಕ್ಯ ಕೇಳುತ್ತಾ? ಅದರಲ್ಲಿ ಥೆರಪಿಯಿಂದ ನಾನು ಇನ್ನೂ ಒಳ್ಳೇ ವ್ಯಕ್ತಿ ಆಗ್ತೀನಿ ಅನ್ನೋ ಅರ್ಥದ್ದೊಂದಿದೆ. ಅದನ್ನ ಟರ್ಕಿಶಲ್ಲಿ ನೇರ ಹಾಕಿದರೆ ಆ ಸೊಸೆಗೆ ಅತ್ತೆಯ ದನಿಯೇ ಕೇಳಿಸುತ್ತೆ. "ನಾನೀಗ ಕೆಟ್ಟವಳಾ?" ಅಂತ ಕೇಳ್ತಾಳೆ.

ಮನಃಶಾಸ್ತ್ರಜ್ಞೆ ಚಿದೆಮ್ ಕಾಗಿತ್ಚಿಬಾಶಿ (2017ರಲ್ಲಿ ತೀರಿಕೊಂಡರು, ಇಲ್ಲಿ ದೊಡ್ಡ ಹೆಸರು) ಇದನ್ನೇ ಜೀವಮಾನವಿಡೀ ಹೇಳಿದ್ದು. ತನ್ನ ಕಾಲ ಮೇಲೆ ನಿಲ್ಲೋದು ಮತ್ತು ಮನೆಯವರ ಜೊತೆ ಗಟ್ಟಿಯಾಗಿ ಬೆಸೆದುಕೊಂಡಿರೋದು ಒಂದಕ್ಕೊಂದು ವಿರುದ್ಧ ಅಲ್ಲ, ಟರ್ಕಿಯಂಥ ಕಡೆ ಎರಡೂ ಒಟ್ಟಿಗೇ ಬೆಳೀತವೆ ಅಂತ.

ಡಾ. ಹುಬ್ಬಳ್ಳಿ

ಸವಿತಾ ಅಕ್ಕಾರ ಮಾತಿಗೆ ನನ್ನ ಮತ. ಮನಿಯವರದು ಹಾಕಲಿಕ್ಕೇಬೇಕು. ಜೋಡಿ "ಡಾಕ್ಟರ್ ನನಗ ಏನ್ ಮಾಡಬೇಕು ಅಂತ ಹೇಳ್ತಾರ" ಅನ್ನೂದನ್ನೂ ಹಾಕ್ರಿ. ಸಲಹೆ ಬೇಕಂತ ಬಂದವಗ ತಾಸುಗಟ್ಟಲೆ "ನಿಮಗ ಏನ್ ಅನಸ್ತದ" ಅಂತ ಕೇಳ್ಕೋತ ಕುಂತ್ರ ಮುಂದಿನ ವಾರ ಬರಂಗಿಲ್ಲ.

ಅಂಕಿಗುಬ್ಬಿ

ನಾನು ಒಪ್ಪಲ್ಲ. ಡಾಕ್ಟ್ರು ಬೈದರೂ ಪರವಾಗಿಲ್ಲ.

13ಕ್ಕೆ ನೀವು ಐದು ಸೇರಿಸಿದರೆ ಅದು ಹೊಂದಿಸಿದ ಪ್ರಶ್ನಾವಳಿ ಆಗಿ ಉಳಿಯಲ್ಲ, ಹೊಸ ಪ್ರಶ್ನಾವಳಿ ಆಗುತ್ತೆ. ಹೊಸದು ಮಾಡಿ, ಸಂತೋಷ, ಆದರೆ ಹಳೇ ಹೆಸರು ಇಡಬೇಡಿ. ಇಂಟರ್ನ್ಯಾಷನಲ್ ಟೆಸ್ಟ್ ಕಮಿಷನ್ ಪರೀಕ್ಷೆಗಳ ಅನುವಾದ, ಹೊಂದಾಣಿಕೆಗೆ ಅಂತ 2017ರ ಆವೃತ್ತಿಯಲ್ಲಿ 18 ಮಾರ್ಗಸೂಚಿ ಕೊಟ್ಟಿದೆ. ಅದರಲ್ಲಿ ಶುರುವಿನಲ್ಲೇ ಅನುಮತಿಯ ಮಾತು ಇದೆ, ಅಳೆಯೋ ವಿಷಯ ಎರಡೂ ಜನರಲ್ಲಿ ಎಷ್ಟು ಒಂದೇ ಅಂತ ನೋಡೋ ಮಾತೂ ಇದೆ. ಸವಿತಾ ಅವರು ಹೇಳ್ತಿರೋದು ಆ ಎರಡನೇದು. ಅದು ಅನುವಾದಕ್ಕೂ ಹಿಂದಿನ ಪ್ರಶ್ನೆ. ಟರ್ಕಿಶ್ ರೋಗಿಗಳ ನಿರೀಕ್ಷೆಯಲ್ಲಿ ಮನೆಯವರೇ ಮುಖ್ಯ ಅಂತಾದರೆ ಈ ಪ್ರಶ್ನಾವಳಿಯ ಆಯ್ಕೆಯೇ ತಪ್ಪಿರಬಹುದು.

ನಡುದಾರಿ ಬೇಕಂದರೆ: 13 ಹಾಗೇ ಇರಲಿ, ಅದೇ ಕ್ರಮದಲ್ಲಿ. ಅದು ಮುಗಿದಮೇಲೆ ಬೇರೆ ಹಾಳೆಯಲ್ಲಿ ಮನೆಯವರು, ಗೌಪ್ಯ, ಸಲಹೆ ಬಗ್ಗೆ ಹೆಚ್ಚುವರಿ ವಾಕ್ಯ. ಬೇರೆಯಾಗೇ ಅಂಕ, ಬೇರೆಯಾಗೇ ವಿಶ್ಲೇಷಣೆ. ಆ ಹಾಳೆ 13ಕ್ಕಿಂತ ಚೆನ್ನಾಗಿ ಫಲಿತಾಂಶ ಊಹಿಸಿದರೆ ಆಗ ನಾನೇ ಬಂದು ಡಾಕ್ಟ್ರಿಗೆ ಧಾರವಾಡ ಪೇಡೆ ಕೊಡಿಸ್ತೀನಿ.

ಡಾ. ಹುಬ್ಬಳ್ಳಿ

ಪೇಡೆ ಬಿಡ್ರಿ, ನಮ್ಮೂರಾಗ ಸಿಗ್ತಾವ. ಪೇಶಂಟಿಗೆ ಮುಖ್ಯ ಇದ್ದದ್ದು ಎರಡನೇ ಹಾಳಿಯೊಳಗ, ನಿಮಗ ಮುಖ್ಯ ಇದ್ದದ್ದು ಮೊದಲನೇದರಾಗ. ಎರಡನೇದು ಯಾವಾಗಲೂ ಟೈಮಿಲ್ಲ ಅಂತ ಬಿಟ್ಟುಹೋಗ್ತದ. ನಾ ಒಪ್ಪಂಗಿಲ್ಲ, ನೋಡ್ರಿ.

ಮೇಘನಾ ಕೆ.

ನಿಮ್ಮಿಬ್ಬರ ಜಗಳ ನಮ್ಮ ಗುಂಪಲ್ಲೂ ನಡೀತಿದೆ, ಅದನ್ನ ಸೆಮಿನಾರಲ್ಲಿ ಹಾಗೇ ಮುಂದಿಡ್ತೀನಿ. ನನ್ನ ಅಧ್ಯಾಯದಲ್ಲಿ ಈಗ ಬದಲಾಗಿರೋದು ಇಷ್ಟು. ವಾಪಸ್ ಅನುವಾದಕ್ಕೆ ಎರಡು ಪುಟ ಇಟ್ಟಿದ್ದೆ, ಅರ್ಧ ಪುಟಕ್ಕೆ ಇಳಿಸಿದೆ. ಉಳಿದ ಜಾಗವೆಲ್ಲ ಪಕ್ಕದಲ್ಲಿ ಕೂತು ಕೇಳೋ ಸಂದರ್ಶನಕ್ಕೆ. ಒಬ್ಬೊಬ್ಬರೂ ಅಂಕ ಹಾಕಿದ ಕೂಡಲೇ "ಯಾಕೆ ಏಳು, ಯಾಕೆ ಒಂಬತ್ತಲ್ಲ? ಈ ವಾಕ್ಯ ಓದಿದಾಗ ಯಾರು ನೆನಪಾದರು? ಹೀಗಾಗಲಿ ಅಂತಲೋ, ಹೀಗೆ ಆಗುತ್ತೆ ಅಂತಲೋ?" ಅಂತ ಕೇಳೋದು. ಓದು ಬಾರದವರಿಗೆ ಗಟ್ಟಿಯಾಗಿ ಓದಿ ಹೇಳೋದಾದರೆ ಓದೋರು ಯಾರು ಅನ್ನೋದನ್ನೂ ದಾಖಲಿಸೋದು, ಮನೆಯ ಮಕ್ಕಳ ಕೈಲಿ ಓದಿಸಬಾರದು.

ಫಾರ್ಮಿನ ತಲೆಗೆ ಸಹಪಾಠಿಗಳು ಟರ್ಕಿಶಲ್ಲಿ ಹೊಸ ಸೂಚನೆ ಬರೆದಿದ್ದಾರೆ. ಸಾರಾಂಶ ಹೀಗೆ: "ಮುಂದೆ ಏನಾಗುತ್ತೋ ಯಾರಿಗೂ ಗೊತ್ತಿಲ್ಲ. ನೀವು ಹಾರೈಸೋದು ಏನು ಅಂತ ನಾವು ಕೇಳ್ತಿಲ್ಲ. ಇವತ್ತು ಕೂತು ಯೋಚಿಸಿದರೆ ಹೀಗಾಗೋ ಸಾಧ್ಯತೆ ಎಷ್ಟು ಅನ್ನಿಸುತ್ತೆ, ಅಷ್ಟನ್ನ ಹಾಕಿ. ಕಡಿಮೆ ಹಾಕಿದರೆ ಯಾರಿಗೂ ಅವಮಾನ ಇಲ್ಲ. ನಿಮ್ಮ ಥೆರಪಿಸ್ಟ್ ಇದನ್ನ ನೋಡಲ್ಲ."

ಸವಿತಾ ಅಕ್ಕ, ಇದು ಅಲ್ಲಿಯವರ ಕಿವಿಗೆ ಹೇಗೆ ಕೇಳುತ್ತೆ?

ಸವಿತಾ, ಅಂಕಾರಾ

ಟರ್ಕಿಶ್ ಪಠ್ಯ ಮೆಸೇಜಲ್ಲಿ ಕಳಿಸಿದ್ದಕ್ಕೆ ಥ್ಯಾಂಕ್ಸ್. ಮೊದಲ ವಾಕ್ಯ ಚೆನ್ನಾಗಿದೆ, ದೇವರಿಗೂ ಜಾಗ ಬಿಟ್ಟಿದೆ. "ಸಾಧ್ಯತೆ" ಇರೋ ವಾಕ್ಯ ಬ್ಯಾಂಕ್ ಫಾರ್ಮ್ ಥರ ಇದೆ, ಅದನ್ನ ಸಡಿಲ ಮಾಡಿ. "ಅವಮಾನ ಇಲ್ಲ" ಅನ್ನೋದನ್ನ ತೆಗೆದುಬಿಡಿ, ಅದನ್ನ ಓದಿದಮೇಲೇ ಜನಕ್ಕೆ ಅವಮಾನದ ಯೋಚನೆ ಬರುತ್ತೆ. ಮೇಲಿನ ಮನೆ ಟೀಚರಿಗೆ ನಾಳೆ ತೋರಿಸ್ತೀನಿ, ಅವರು ಇಂಥದ್ದರಲ್ಲಿ ಮುಲಾಜಿಲ್ಲದೆ ಹೇಳ್ತಾರೆ.

ಅಂಕಿಗುಬ್ಬಿ

ಟೀಚರ್ ಓದೋದರೊಳಗೆ ಎರಡು ಕೆಲಸ. ಮೂಲ ಲೇಖಕರಿಗೆ ಅನುಮತಿ ಕೇಳಿ ಮೇಲ್ ಹಾಕಿ. ಟರ್ಕಿಯ ಉನ್ನತ ಶಿಕ್ಷಣ ಮಂಡಳಿಯ ರಾಷ್ಟ್ರೀಯ ಪ್ರಬಂಧ ಕೇಂದ್ರದಲ್ಲೂ, ಟರ್ಕಿಶ್ ಅಳತೆ ಉಪಕರಣಗಳ ಆನ್‌ಲೈನ್ ಸೂಚಿಯಲ್ಲೂ ಈ ಪ್ರಶ್ನಾವಳಿಯ ಹೆಸರು ಹುಡುಕಿ. ಯಾರಾದರೂ ಆಗಲೇ ಮಾಡಿದ್ದರೆ ನಿಮ್ಮ ಅಧ್ಯಾಯ ಅಲ್ಲಿಂದ ಶುರುವಾಗಬೇಕು.

ಮೇಘನಾ ಕೆ.

ಮೇಲ್ ಹೋಗಿದೆ ಸರ್. ಪ್ರಬಂಧ ಕೇಂದ್ರದ ಹುಡುಕಾಟ ಸಹಪಾಠಿಗೆ ವಹಿಸಿದೀನಿ. ಸಿಕ್ಕಿದ್ದನ್ನ ಇಲ್ಲೇ ಹಾಕ್ತೀನಿ, ಚರ್ಚೆ ಮುಚ್ಚಬೇಡಿ.